ನಮ್ಮ ಶಾಲೆಯ ಜನರೇಟರ್ ಯಾಕೆ ನಿಲ್ಲುತ್ತಿತ್ತು?

(ಸುವರ್ಣ ಮಹೋತ್ಸವದ ಸಮಾರೋಪದ ದಿನ ಶಾಲೆಯ ಬಯಲಿನಲ್ಲಿ ಮಾಡಿದ ಭಾಷಣದ ಬರಹರೂಪ)

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಧನೆಯ ಹಾದಿ’ ಎಂದು ಅಚ್ಚಾಗಿದೆ. ಸಮಿತಿಯವರನ್ನು ಕೇಳಿ ಆ ವಿಷಯ ಬದಲಿಸಿದ್ದೇನೆ. ನಾನು ಬಿ.ಇ. ಮಾಡಿದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಹಾದಿ ಅಷ್ಟೇ, ಒಂದು ನಿಮಿಷಕ್ಕೆ ಮುಗಿಯಿತು. ಉಳಿದ ಸಮಯದಲ್ಲಿ ನಮ್ಮ ಶಾಲೆಯ ಜನರೇಟರ್ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ನನಗೆ ಈ ವರ್ಷ ಅದು ಕಲಿಸಿದಷ್ಟು ಬೇರೆ ಯಾರೂ ಕಲಿಸಲಿಲ್ಲ.

ಕಳೆದ ತಿಂಗಳು ಉದ್ಘಾಟನೆಯ ಸಂಜೆ ಏನಾಯಿತೆಂದು ನಿಮಗೆಲ್ಲ ನೆನಪಿದೆ. ಎಷ್ಟೋ ವರ್ಷಗಳ ನಂತರ ನಮ್ಮ ಹಳೆಯ ಹೆಡ್‌ಮಾಸ್ಟರು ಬಂದಿದ್ದರು. ಎಂಬತ್ತು ದಾಟಿದ ವಯಸ್ಸು. ಕೈಯಲ್ಲಿ ಎರಡು ಹಾಳೆ ಬರೆದುಕೊಂಡು ತಂದಿದ್ದರು. ಊರಿನ ಕರೆಂಟ್ ಆರು ಗಂಟೆಗೇ ಹೋಗಿತ್ತು, ಜನರೇಟರ್ ಹಚ್ಚಿದ್ದೆವು. ಮೇಷ್ಟ್ರು ‘ನನ್ನ ಪ್ರೀತಿಯ ಮಕ್ಕಳೇ’ ಎಂದರು, ದೀಪವೂ ಹೋಯಿತು, ಮೈಕೂ ಹೋಯಿತು. ಮತ್ತೆ ಹಚ್ಚಿದೆವು. ಹತ್ತು ನಿಮಿಷಕ್ಕೆ ಮತ್ತೆ ಹೋಯಿತು. ಮೂರನೇ ಸಲ ಐದೇ ನಿಮಿಷ. ಕೊನೆಗೆ ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ‘ಪರವಾಗಿಲ್ಲ ಬಿಡ್ರಪ್ಪ’ ಎಂದು ಮೈಕಿಲ್ಲದೆ ನಾಲ್ಕು ಮಾತಾಡಿ ಕುಳಿತರು. ಆ ನಾಲ್ಕು ಮಾತು ಮೊದಲ ಎರಡು ಸಾಲಿಗೆ ಕೇಳಿಸಿತು. ಅವರಿಂದ ಪಾಠ ಕೇಳಲು ಬೆಂಗಳೂರು, ಬಳ್ಳಾರಿ, ದಾವಣಗೆರೆಯಿಂದ ಬಂದಿದ್ದವರು ಹಿಂದಿನ ಸಾಲಿನಲ್ಲಿದ್ದರು.

ಅವತ್ತು ರಾತ್ರಿಯೇ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಚರ್ಚೆ ಶುರುವಾಯಿತು. ‘15 ಕೆವಿಎ ಜನರೇಟರ್ ಸಾಲದು, ದೊಡ್ಡದು ತರೋಣ’ ಎಂದು ಮೊದಲು ಬರೆದವನು ನಾನೇ. ಇಂಜಿನಿಯರ್ ಹೇಳಿದ ಮೇಲೆ ಮುಗಿಯಿತಲ್ಲ. 25 ಕೆವಿಎ ಜನರೇಟರಿಗೆ, ಕೂರಿಸುವ ಕಟ್ಟೆ, ಕೇಬಲ್ ಎಲ್ಲ ಸೇರಿ ನಾಲ್ಕು ಲಕ್ಷದ ಅಂದಾಜು ಹಾಕಿದೆ. ಮಹೋತ್ಸವದ ಹಣದಲ್ಲಿ ಉಳಿಯುವುದೇ ಅಷ್ಟು. ಆ ಹಣವನ್ನು ಹೆಣ್ಣುಮಕ್ಕಳ ಶೌಚಾಲಯಕ್ಕೂ ಗ್ರಂಥಾಲಯಕ್ಕೂ ತೆಗೆದಿಟ್ಟಿದ್ದರು. ‘ಅದನ್ನು ಮುಂದಿನ ವರ್ಷ ನೋಡೋಣ’ ಎಂದೂ ನಾನೇ ಬರೆದೆ. ಇವತ್ತು ಇಷ್ಟು ಜನರ ಮುಂದೆ ಆ ಮಾತನ್ನು ಒಪ್ಪಿಕೊಳ್ಳುತ್ತಿದ್ದೇನೆ.

ನನ್ನನ್ನು ತಡೆದವನು ಎಂಟನೇ ಕ್ಲಾಸಿನಿಂದ ಹತ್ತರವರೆಗೆ ನನ್ನ ಬೆಂಚಿನಲ್ಲೇ ಕುಳಿತ ಗೆಳೆಯ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಮತ್ತೆ ಕಟ್ಟಿ ಪಾಸು ಮಾಡಿ ಐಟಿಐ ಸೇರಿದ. ಈಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಮೊಳಕಾಲ್ಮೂರಿನ ಸೀರೆ ನೇಯುವವರ ಮನೆಯ ವೈರಿಂಗ್‌ನಿಂದ ನಾಯಕನಹಟ್ಟಿ ಜಾತ್ರೆಯ ದೀಪದವರೆಗೆ ಎಲ್ಲ ಕೆಲಸ ಮಾಡುತ್ತಾನೆ. ಅವನು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ: ‘ಲೇ, ಅವತ್ತು ನಿಂತಿದ್ದು ಇಂಜಿನ್ನೋ, ಕರೆಂಟೋ?’

ನನಗೆ ಗೊತ್ತಿರಲಿಲ್ಲ. ಗುಂಪಿನ ಇನ್ನೂರು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಜನರೇಟರ್ ಆಫ್ ಆಯಿತು’ ಎಂದು ಎಲ್ಲರೂ ಹೇಳುತ್ತಿದ್ದೆವು, ಯಾರೂ ಅದರ ಹತ್ತಿರ ಹೋಗಿ ನೋಡಿರಲಿಲ್ಲ. ಗೊತ್ತಿದ್ದದ್ದು ನಮ್ಮ ಶಾಲೆಯ ಅಟೆಂಡರ್ ಅಣ್ಣನಿಗೆ. ‘ಇಂಜಿನ್ ಓಡ್ತಾನೇ ಇತ್ತು ಸಾರ್. ಪೆಟ್ಟಿಗೇಲಿ ಸ್ವಿಚ್ಚು ಟಕ್ ಅಂತ ಬಿತ್ತು. ಗಾಬರಿಯಾಗಿ ಇಂಜಿನ್ ನಿಲ್ಸಿದ್ದು ನಾವೇ’ ಎಂದರು.

ಮಕ್ಕಳೇ, ಇದನ್ನು ನೆನಪಿಡಿ. ಜನರೇಟರ್ ಎರಡು ರೀತಿಯಲ್ಲಿ ನಿಲ್ಲುತ್ತದೆ. ಇಂಜಿನ್ನೇ ನಿಂತರೆ ಡೀಸೆಲ್, ಇಂಜಿನ್ ಆಯಿಲ್, ರೇಡಿಯೇಟರ್ ನೀರು, ಗಾಳಿ ಬರುವ ಫಿಲ್ಟರ್, ಇವನ್ನು ಮೊದಲು ನೋಡಬೇಕು. ಇಂಜಿನ್ ಸರಿಯಾಗಿ ಓಡುತ್ತಿದ್ದು ಬ್ರೇಕರ್ ಮಾತ್ರ ಬಿದ್ದರೆ, ಅದು ಕರೆಂಟ್ ಕಡೆಯ ವಿಷಯ: ಒಂದೋ ಶಾರ್ಟ್, ಇಲ್ಲವೇ ಓವರ್‌ಲೋಡ್. ಹಚ್ಚಿದ ಕ್ಷಣವೇ ಬಿದ್ದರೆ ಶಾರ್ಟ್ ಇರಬಹುದು, ಇಲ್ಲವೇ ದೊಡ್ಡ ಮೋಟಾರು ಒಮ್ಮೆಲೇ ಎಳೆದಿರಬಹುದು. ಸ್ವಲ್ಪ ಹೊತ್ತು ಓಡಿ ಬಿದ್ದರೆ ಓವರ್‌ಲೋಡ್. ಇಂಥ ಬ್ರೇಕರಿನೊಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತದೆ. ಹೆಚ್ಚು ಕರೆಂಟ್ ಹರಿದರೆ ಅದು ಬಿಸಿಯಾಗಿ ಬಾಗುತ್ತದೆ, ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಮೂರನೇ ಸಲ ಐದೇ ನಿಮಿಷಕ್ಕೆ ಬಿದ್ದದ್ದು ಯಾಕೆಂದು ಈಗ ಅರ್ಥವಾಯಿತೇ? ಆ ಪಟ್ಟಿಯ ಬಿಸಿ ಇನ್ನೂ ಆರಿರಲಿಲ್ಲ. ನಾವು ಅವಸರ ಮಾಡಿದಷ್ಟೂ ಅದು ಬೇಗ ಬೀಳುತ್ತಿತ್ತು.

ಮುಂದಿನ ಭಾನುವಾರ ನಾನು ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಚಳ್ಳಕೆರೆಯಲ್ಲಿ ಇಳಿದೆ. ಗೆಳೆಯ ಬೈಕ್ ತಂದಿದ್ದ. ದಾರಿಯುದ್ದಕ್ಕೂ ನಾನು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ, ಅವನು ಹೂಂ ಎಂದ. ಶಾಲೆಗೆ ಬಂದವನೇ, ‘ಅವತ್ತು ಏನೇನು ಹಾಕಿದ್ರೋ ಅಷ್ಟನ್ನೂ ಹಾಕಿ’ ಎಂದ. ವೇದಿಕೆಯ ದೀಪ, ಮೈಕ್ ಸೆಟ್, ಕಂಪ್ಯೂಟರ್ ಕೋಣೆ, ತರಗತಿಗಳ ಫ್ಯಾನು, ಶಿಕ್ಷಕರ ಕೊಠಡಿಯಲ್ಲಿ ಅತಿಥಿಗಳಿಗೆ ಟೀ ನೀರು ಕಾಯಿಸಿದ ಎಲೆಕ್ಟ್ರಿಕ್ ಕೆಟಲ್, ಎಲ್ಲವನ್ನೂ ಹಾಕಿ ಜನರೇಟರ್ ಹಚ್ಚಿದೆವು. ಅವನು ಚೀಲದಿಂದ ಟಾಂಗ್ ಟೆಸ್ಟರ್ ತೆಗೆದ. ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರ್ ಅದು. ವೈರನ್ನು ಬಿಚ್ಚಬೇಕಾಗಿಲ್ಲ, ಸುತ್ತ ಹಿಡಿದರೆ ಸಾಕು, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುತ್ತದೆ.

ಲೆಕ್ಕ ಸ್ವಲ್ಪ ಹೇಳುತ್ತೇನೆ, ಹತ್ತನೇ ಕ್ಲಾಸಿನವರಿಗೆ ಉಪಯೋಗವಾಗುತ್ತದೆ. ನಮ್ಮದು ಮೂರು ಫೇಸಿನ ಜನರೇಟರ್. ಒಂದೇ ಹೊಟ್ಟೆಯಿಂದ ಮೂರು ಕೈ: ಕೆಂಪು, ಹಳದಿ, ನೀಲಿ. 15 ಕೆವಿಎ ಎಂದರೆ ಮೂರೂ ಕೈ ಸೇರಿ ಹೊರುವ ಭಾರ. ಒಂದೊಂದು ಕೈಗೆ 5 ಕೆವಿಎ, ಅಂದರೆ ಸುಮಾರು 21 ಆಂಪಿಯರ್. ಒಂದು ಕೈ ಖಾಲಿ ಇದೆ ಎಂದು ಇನ್ನೊಂದು ಕೈ ಹೆಚ್ಚು ಹೊರಲು ಆಗುವುದಿಲ್ಲ.

ಗೆಳೆಯ ಅಳೆದು ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಹಳದಿ: 4 ಆಂಪಿಯರ್. ನೀಲಿ: 6. ಕೆಂಪು: 26.

ಮೂರನ್ನೂ ಕೂಡಿದರೆ 36. 230ರಿಂದ ಗುಣಿಸಿದರೆ ಎಂಟೂಕಾಲು ಕೆವಿಎ. ಹದಿನೈದು ಹೊರಬಲ್ಲ ಜನರೇಟರ್ ಎಂಟೂಕಾಲಕ್ಕೆ ಸುಸ್ತಾಗಿ ಬೀಳುತ್ತಿತ್ತು, ಯಾಕೆಂದರೆ ಒಂದು ಕೈ ಮುರಿಯುವಷ್ಟು ಭಾರ ಹೊತ್ತಿತ್ತು, ಉಳಿದ ಎರಡು ಕೈ ಬೀಸಿಕೊಂಡು ನಡೆಯುತ್ತಿದ್ದವು. ಉದ್ಘಾಟನೆಯ ಸಂಜೆ ಊಟಕ್ಕೆ ನೀರು ಸಾಲದೆ ಬೋರ್‌ವೆಲ್ ಮೋಟಾರನ್ನೂ ಹಾಕಿದ್ದರು. 3 ಎಚ್‌ಪಿಯ ಮೋಟಾರು ಒಂದೊಂದು ಫೇಸಿನಿಂದಲೂ ಸುಮಾರು 5 ಆಂಪಿಯರ್ ಎಳೆಯುತ್ತದೆ. ಕೆಂಪಿನ ಮೇಲೆ 31 ಆಯಿತು. ಅದಕ್ಕೇ ಹತ್ತು ನಿಮಿಷವೂ ತಡೆಯಲಿಲ್ಲ.

ಕೆಂಪಿನ ಮೇಲೆ ಏನೇನಿತ್ತು? ವೇದಿಕೆಯ 500 ವ್ಯಾಟ್‌ನ ನಾಲ್ಕು ಹ್ಯಾಲೊಜನ್ ದೀಪ, 2000 ವ್ಯಾಟ್. ಕೆಟಲ್, 1500. ಹದಿನಾರು ಫ್ಯಾನು, 1200. ಎಂಟು ಕಂಪ್ಯೂಟರ್, ಸುಮಾರು 800. ಮೈಕ್ ಸೆಟ್, 500. ಒಂದು ಕೆಟಲ್ ಇಪ್ಪತ್ತು ಫ್ಯಾನಿಗೆ ಸಮ ಎಂದು ಅವತ್ತು ಅಲ್ಲಿದ್ದ ಮೇಷ್ಟ್ರುಗಳಿಗೆ ನಂಬಲಾಗಲಿಲ್ಲ. ನೋಡಲು ಸಣ್ಣದು, ಕರೆಂಟ್ ತಿನ್ನುವುದು ದೊಡ್ಡದು. ಕಾಯಿಸುವ ಸಾಮಾನುಗಳೆಲ್ಲ ಹಾಗೆಯೇ.

ಇನ್ನೊಂದು ಪ್ರಶ್ನೆ ಉಳಿಯಿತು. ಎಲ್ಲವೂ ಕೆಂಪಿಗೇ ಯಾಕೆ ಬಂದು ಕುಳಿತವು? ಶಾಲೆಗೆ ಮೊದಲು ವೈರಿಂಗ್ ಮಾಡಿದವರು ಸರಿಯಾಗಿ ಮೂರು ಪಾಲು ಮಾಡಿದ್ದರು, ಹಳೆಯ ಬೋರ್ಡ್ ಮೇಲೆ ಗುರುತು ಇನ್ನೂ ಇದೆ. ಉತ್ತರ ಹೇಳಿದ್ದು ಮತ್ತೆ ಅಟೆಂಡರ್ ಅಣ್ಣನೇ.

‘ಟಿಸಿ ಹತ್ರ ಒಂದು ಫೇಸ್ ಹೋಗಿಬಿಡೋದು ಸಾರ್. ಆ ಕಡೆ ಕ್ಲಾಸಿಗೆಲ್ಲ ಕತ್ತಲು. ಪರೀಕ್ಷೆ ಟೈಮು, ಮಕ್ಕಳು ರಾತ್ರಿ ಓದೋಕೆ ಬಂದಿರೋರು. ಏನ್ಮಾಡೋದು? ಕರೆಂಟ್ ಇರೋ ಫೇಸಿಗೆ ವೈರ್ ಹಾಕ್ಸೋದು.’

ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು. ಯಾವ ಫೇಸ್ ಹೋದರೂ ಇರುವ ಫೇಸಿಗೆ ಹಾಕುವುದು. ಆ ಫೇಸ್ ಮರುದಿನ ವಾಪಸ್ ಬರುತ್ತಿತ್ತು, ವೈರ್ ಮಾತ್ರ ವಾಪಸ್ ಹೋಗುತ್ತಿರಲಿಲ್ಲ. ಹೊಸ ಕಂಪ್ಯೂಟರ್ ಕೋಣೆ ಬಂದಾಗಲೂ ‘ಇದರಲ್ಲಿ ಕರೆಂಟ್ ಯಾವಾಗಲೂ ಇರುತ್ತೆ’ ಎಂದು ಕೆಂಪಿಗೇ ಕೊಟ್ಟರು. ಊರಿನ ಕರೆಂಟ್ ಇರುವಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಕಂಬದ ಮೇಲಿನ ಟಿಸಿ ದೊಡ್ಡದು, ತಡೆದುಕೊಳ್ಳುತ್ತಿತ್ತು. ಏಳು ವರ್ಷದ ಹಿಂದೆ ನಾವು ಕೊಡಿಸಿದ ಜನರೇಟರ್ ಚಿಕ್ಕದು, ಅದು ತಡೆಯಲಿಲ್ಲ. ಒಂದು ಲೆಕ್ಕಕ್ಕೆ ನಮ್ಮ ತಪ್ಪನ್ನು ಅದೇ ತೋರಿಸಿಕೊಟ್ಟಿತು.

ಅಟೆಂಡರ್ ಅಣ್ಣ ಅದನ್ನು ಹೇಳುವಾಗ ಏನೋ ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿದ್ದರು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ರಾತ್ರಿ ಓದಲು ಬರುತ್ತಿದ್ದ ಆ ಮಕ್ಕಳಲ್ಲಿ ನಾನೂ ಒಬ್ಬ. ನಮ್ಮ ಮನೆಯಲ್ಲಿ ಆಗ ಒಂದೇ ಬಲ್ಬು. ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ ಕತ್ತಲಾದಾಗ ಇವರು ಟಾರ್ಚ್ ಹಿಡಿದು ಹೋದದ್ದು, ಐದು ನಿಮಿಷಕ್ಕೆ ಟ್ಯೂಬ್‌ಲೈಟ್ ಮಿಣಮಿಣ ಎಂದು ಹತ್ತಿದ್ದು, ನಾವೆಲ್ಲ ಹೋ ಎಂದು ಕೂಗಿದ್ದು ನೆನಪಿದೆ. ಆ ಬೆಳಕಿನಲ್ಲಿ ಓದಿ ನಾನು ಇಂಜಿನಿಯರ್ ಆದೆ. ಇಪ್ಪತ್ತು ವರ್ಷದ ಮೇಲೆ ಬಂದು, ಅದೇ ವೈರ್ ಮಾಡಿದ ಓವರ್‌ಲೋಡಿಗೆ ನಾಲ್ಕು ಲಕ್ಷದ ಅಂದಾಜು ಕೊಟ್ಟೆ.

ಅವತ್ತು ವೈರ್ ಬದಲಿಸಿದ್ದು ತಪ್ಪಲ್ಲ. ಮರುದಿನ ಮೊದಲಿನ ಜಾಗಕ್ಕೆ ತರದೆ ಬಿಟ್ಟದ್ದು ತಪ್ಪು. ಆ ತಪ್ಪು ಒಬ್ಬರದಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ರೋಗ. ‘ಸದ್ಯಕ್ಕೆ ಹೀಗೆ ಮಾಡೋಣ’ ಎಂದು ಬರೆದದ್ದು ಹತ್ತು ವರ್ಷ ಅಲ್ಲೇ ಕೂತಿರುತ್ತದೆ. ಇನ್ನೂ ನಾಚಿಕೆಯ ಮಾತು ಹೇಳಲೇ? ಬೆಂಗಳೂರಿನಲ್ಲಿ ನನಗೆ ಸಂಬಳ ಕೊಡುವ ಕೆಲಸದ ಹೆಸರು ಲೋಡ್ ಬ್ಯಾಲೆನ್ಸಿಂಗ್. ಬರುವ ಕೆಲಸವನ್ನು ಹತ್ತಾರು ಕಂಪ್ಯೂಟರ್‌ಗಳಿಗೆ ಸಮನಾಗಿ ಹಂಚುವುದು. ಗೆಳೆಯನಿಗೆ ಅದನ್ನು ಹೇಳಿದೆ. ‘ಅದಕ್ಕೆ ಸಂಬಳಾನೂ ಕೊಡ್ತಾರೇನಲೇ?’ ಎಂದು ಕೇಳಿದ.

ಸರಿ, ಏನು ಮಾಡಿದೆವು? ಜನರೇಟರ್ ನಿಲ್ಲಿಸಿ, ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಕರೆಂಟ್ ಇಲ್ಲವೆಂದು ಟೆಸ್ಟರಿನಲ್ಲಿ ಎರಡು ಸಲ ನೋಡಿಯೇ ಅವನು ಕೈ ಹಾಕಿದ. ವೇದಿಕೆಯ ದೀಪಗಳನ್ನು ಹಳದಿಗೆ ಕೊಟ್ಟ. ಶಿಕ್ಷಕರ ಕೊಠಡಿಯ ಪ್ಲಗ್ಗನ್ನು ನೀಲಿಗೆ ಕೊಟ್ಟ. ಮತ್ತೆ ಎಲ್ಲವನ್ನೂ ಹಾಕಿ ಅಳೆದೆವು. ಕೆಂಪು 11, ಹಳದಿ 13, ನೀಲಿ 12. ಅದೇ 36 ಆಂಪಿಯರ್, ಒಂದು ದೀಪವನ್ನೂ ಆರಿಸಿಲ್ಲ. ಆಮೇಲೆ ಹ್ಯಾಲೊಜನ್ ತೆಗೆದು 100 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪ ಹಾಕಿದೆವು. ಹಳದಿ 6ಕ್ಕೆ ಇಳಿಯಿತು.

ಕೆಲಸ ಮಾಡುವಾಗ ಮೂರು ವಿಷಯ ಕಣ್ಣಿಗೆ ಬಿದ್ದವು. ಒಂದು, ಬ್ರೇಕರಿನ ಕೆಂಪು ತುದಿಯ ಸ್ಕ್ರೂ ಸಡಿಲವಾಗಿ ಕಪ್ಪಗಾಗಿತ್ತು. ಸಡಿಲ ಇದ್ದಲ್ಲಿ ಬಿಸಿ ಹುಟ್ಟುತ್ತದೆ, ಬ್ರೇಕರ್ ಇನ್ನೂ ಬೇಗ ಬೀಳುತ್ತದೆ. ಎರಡು, ಜನರೇಟರಿನ ಗಾಳಿ ಹೋಗುವ ಜಾಲರಿಗೆ ಅಡ್ಡವಾಗಿ ಹಳೆಯ ಬೆಂಚು ಒಟ್ಟಿದ್ದೆವು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಿಸಿ ಗಾಳಿಗೆ ದಾರಿ ಇಲ್ಲದಿದ್ದರೆ ಯಾವ ಇಂಜಿನ್ ತಡೆದೀತು? ಮೂರನೆಯದನ್ನು ನೋಡಿ ಗೆಳೆಯ ಮಾತು ನಿಲ್ಲಿಸಿದ. ಕಂಪ್ಯೂಟರ್ ಕೋಣೆಯ ಮೇಲೆ ಹಾದು ಬರುವ ಕೆಂಪು ವೈರಿನ ಸಿಪ್ಪೆ ಕಾದು ಕಾದು ಒಣಗಿ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಹಳೆಯ ಉತ್ತರ ಪತ್ರಿಕೆಗಳ ಕಟ್ಟು.

ನಾನು ಹೇಳಿದಂತೆ 25 ಕೆವಿಎ ತಂದಿದ್ದರೆ ಏನಾಗುತ್ತಿತ್ತು? ಅದರ ಒಂದೊಂದು ಕೈ ಸುಮಾರು 35 ಆಂಪಿಯರ್ ಹೊರುತ್ತದೆ. ಬ್ರೇಕರ್ ಬೀಳುತ್ತಿರಲಿಲ್ಲ. ನೀವೆಲ್ಲ ನನಗೆ ಶಾಲು ಹೊದಿಸುತ್ತಿದ್ದಿರಿ. ಆ ಬಿರುಕು ಬಿಟ್ಟ ವೈರು ಮಾತ್ರ ಅಷ್ಟೇ ಭಾರ ಹೊತ್ತು ಕಾಯುತ್ತಲೇ ಇರುತ್ತಿತ್ತು. ಅದೂ ಅಲ್ಲದೆ ದಿನನಿತ್ಯ ನಮ್ಮ ಶಾಲೆಯ ಲೋಡು 4 ಕೆವಿಎ ದಾಟುವುದಿಲ್ಲ. ಡೀಸೆಲ್ ಇಂಜಿನನ್ನು ಅದರ ಶಕ್ತಿಯ ಮೂರನೇ ಒಂದು ಪಾಲೂ ಲೋಡಿಲ್ಲದೆ ಬಹಳ ಹೊತ್ತು ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ. ದೊಡ್ಡದು ತಂದು ಅದನ್ನೂ ಕೆಡಿಸುತ್ತಿದ್ದೆವು. ವೈರು, ಬ್ರೇಕರು, ದೀಪ ಎಲ್ಲ ಸೇರಿ ಖರ್ಚಾದದ್ದು ಹತ್ತು ಸಾವಿರದೊಳಗೆ. ಗೆಳೆಯ ಕೂಲಿ ತೆಗೆದುಕೊಳ್ಳಲಿಲ್ಲ.

ಇಲ್ಲಿ ನಮ್ಮ ಅಪ್ಪನ ಒಂದು ವಿಷಯ ಹೇಳಬೇಕು. ಅವರು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಕೇಳಿಯೇ ಹೇಳುತ್ತಿದ್ದೇನೆ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಜೋರಾಗಿದ್ದ ಕಾಲ. ಶೇಂಗಾ ಸುಗ್ಗಿಯಲ್ಲಿ ಹಗಲು ರಾತ್ರಿ ಗಾಣ ಓಡುತ್ತಿತ್ತು. ಅಪ್ಪ ಒಂದು ಗಿರಣಿಯಲ್ಲಿ ಮೋಟಾರ್ ನೋಡಿಕೊಳ್ಳುತ್ತಿದ್ದರು. ಒಂದು ರಾತ್ರಿ ಫ್ಯೂಸ್ ಹೋಯಿತು. ಕಟ್ಟಿದರು. ಮತ್ತೆ ಹೋಯಿತು. ಲಾರಿ ಹೊರಗೆ ನಿಂತಿತ್ತು, ಎಲ್ಲರಿಗೂ ಅವಸರ. ಮೂರನೇ ಸಲ ಫ್ಯೂಸಿಗೆ ದಪ್ಪ ತಾಮ್ರದ ತಂತಿಯನ್ನು ಮೂರೆಳೆ ಹೊಸೆದು ಕಟ್ಟಿದರು. ಈ ಸಲ ಫ್ಯೂಸ್ ಹೋಗಲಿಲ್ಲ, ಮೋಟಾರಿನ ಕಾಯಿಲೇ ಸುಟ್ಟಿತು. ಫ್ಯೂಸ್ ಕಿತ್ತುಹಾಕಲು ಹೋದ ಅಪ್ಪನ ಕೈಗೆ ಬೆಂಕಿ ಹಾರಿತು. ಎಡಗೈ ಮೇಲಿನ ಆ ಗುರುತನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹದಿನೈದು ದಿನ ಕೆಲಸವಿಲ್ಲ, ಕೂಲಿಯಿಲ್ಲ. ಬಿಚ್ಚಿ ನೋಡಿದಾಗ ತಿಳಿದದ್ದು, ಮೋಟಾರಿನ ಬೇರಿಂಗ್ ಹಿಡಿದುಕೊಂಡಿತ್ತು. ‘ಫ್ಯೂಸು ಎರಡು ಸಲ ಹೇಳ್ತು, ನಾನೇ ಕೇಳ್ಲಿಲ್ಲ’ ಎಂದು ಅಪ್ಪ ಈಗಲೂ ಹೇಳುತ್ತಾರೆ.

ಆದ್ದರಿಂದ ಕೈ ಮುಗಿದು ಕೇಳುತ್ತೇನೆ. ಬಿದ್ದ ಬ್ರೇಕರನ್ನು ಕಾರಣ ತಿಳಿಯದೆ ಮತ್ತೆ ಮತ್ತೆ ಎತ್ತಬೇಡಿ. ಅದನ್ನು ತಪ್ಪಿಸಿ ನೇರವಾಗಿ ವೈರ್ ಕೊಡಬೇಡಿ. ದಪ್ಪ ತಂತಿ ಕಟ್ಟಬೇಡಿ. ದೊಡ್ಡ ಬ್ರೇಕರ್ ತಂದು ಹಾಕಿದರೂ ಅದು ದಪ್ಪ ತಂತಿ ಕಟ್ಟಿದ ಹಾಗೆಯೇ. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ, ಅದರ ಹೊಗೆಯಲ್ಲಿ ವಾಸನೆಯಿಲ್ಲದೆ ಕೊಲ್ಲುವ ಅನಿಲವಿದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿನ ಮೂಲಕ ಮನೆಗೆ ಕರೆಂಟ್ ಕೊಡುವವರನ್ನು ನಮ್ಮೂರಲ್ಲೇ ನೋಡಿದ್ದೇನೆ. ಆ ಕರೆಂಟ್ ಹಿಂದಕ್ಕೆ ಲೈನಿಗೆ ಹರಿದು, ಟಿಸಿಯಲ್ಲಿ ಹಲವು ಪಟ್ಟು ಏರಿ, ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನನ್ನು ಕೊಲ್ಲಬಲ್ಲದು. ಅವನೂ ಯಾರದೋ ಮನೆಯ ಮಗ, ಬಹುಶಃ ನಮ್ಮ ಶಾಲೆಯಲ್ಲೇ ಓದಿದವನು. ಇನ್ನು ಅರ್ಥಿಂಗ್ ಗುಂಡಿ. ನಮ್ಮದು ಮಳೆ ಕಡಿಮೆ ಬೀಳುವ ಸೀಮೆ, ಮಣ್ಣು ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ತಪ್ಪದೆ ಒಂದು ಕೊಡ ನೀರು ಹಾಕಿ.

ಮೋಟಾರ್ ಇರುವವರಿಗೆ ಒಂದು ಮಾತು. ಮೋಟಾರು ಶುರುವಾಗುವ ಕ್ಷಣ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕಬ್ಬಿನ ಗಾಡಿಯನ್ನು ನಿಂತಲ್ಲಿಂದ ಎಳೆಯಲು ಎತ್ತು ಎಷ್ಟು ಬಗ್ಗಬೇಕು, ಉರುಳಲು ಹತ್ತಿದ ಮೇಲೆ ಎಷ್ಟು ಹಗುರ, ಹಾಗೆ. ಆದ್ದರಿಂದ ಜನರೇಟರ್ ಹಚ್ಚಿದರೆ ಮೊದಲು ಮೋಟಾರು, ಅದು ಓಟಕ್ಕೆ ಬಂದ ಮೇಲೆ ದೀಪ, ಫ್ಯಾನು ಒಂದೊಂದಾಗಿ. ನಿಲ್ಲಿಸುವಾಗ ಮೊದಲು ಲೋಡು ತೆಗೆದು, ಇಂಜಿನನ್ನು ಮೂರು ನಾಲ್ಕು ನಿಮಿಷ ಖಾಲಿ ಓಡಿಸಿ ಆಮೇಲೆ ನಿಲ್ಲಿಸಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜನರೇಟರ್ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಯಾವ ಕೋಣೆ ಯಾವ ಫೇಸಿನದು ಎಂದೂ ಬರೆದಿದ್ದೇವೆ. ಕೊನೆಯಲ್ಲಿ ಒಂದು ಸಾಲು: ‘ತುರ್ತಿಗೆ ವೈರ್ ಬದಲಿಸಿದರೆ ಇಲ್ಲಿ ದಿನಾಂಕ ಬರೆಯಿರಿ, ಎಲೆಕ್ಟ್ರಿಷಿಯನ್ ಕರೆಸಿ ಮೊದಲಿನ ಜಾಗಕ್ಕೆ ತನ್ನಿ.’

ಇದು ಹಳ್ಳಿ ಶಾಲೆಯ ಕಥೆ ಎಂದುಕೊಳ್ಳಬೇಡಿ. 2012ರ ಜುಲೈ 30ರಂದು ಉತ್ತರ ಭಾರತ, ಮರುದಿನ ಪೂರ್ವ, ಈಶಾನ್ಯ ಭಾರತವೂ ಸೇರಿ ಕತ್ತಲಾಯಿತು. 60 ಕೋಟಿಗೂ ಹೆಚ್ಚು ಜನ ಕರೆಂಟಿಲ್ಲದೆ ಕುಳಿತರು. ಅಲ್ಲೂ ಶುರುವಾದದ್ದು ಹೀಗೆಯೇ: ಕೆಲವು ಲೈನ್‌ಗಳು ರಿಪೇರಿಗೆ ನಿಂತಿದ್ದವು, ಇದ್ದ ಒಂದು ಲೈನಿನ ಮೇಲೆ ಹೊರೆ ಮಿತಿಮೀರಿತು, ಅದು ಬಿದ್ದಾಗ ಅದರ ಹೊರೆ ಪಕ್ಕದವುಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಬಿದ್ದವು. ದಕ್ಷಿಣದ ಜಾಲ ಆಗಿನ್ನೂ ಅದರೊಂದಿಗೆ ಒಂದಾಗಿರಲಿಲ್ಲ, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಲೈನ್ ಸೇರಿದ್ದು 2013ರ ಡಿಸೆಂಬರ್ 31ರಂದು. ಅದಕ್ಕೇ ನಾವು ಅವತ್ತು ಬಚಾವಾದೆವು. ದೇಶದಷ್ಟು ದೊಡ್ಡದಿರಲಿ, ಶಾಲೆಯಷ್ಟು ಚಿಕ್ಕದಿರಲಿ, ಕತ್ತಲಾಗುವುದಕ್ಕೆ ಒಟ್ಟು ಶಕ್ತಿ ಕಡಿಮೆಯಿರಬೇಕೆಂದೇನಿಲ್ಲ. ಹಂಚಿಕೆ ತಪ್ಪಿದರೆ ಸಾಕು.

ಆ ಭಾನುವಾರದ ಮೇಲೆ ನಾನು ಎಲ್ಲಿ ನೋಡಿದರೂ ಕೆಂಪು ಫೇಸೇ ಕಾಣುತ್ತಿದೆ. ಶಾಲೆಯಲ್ಲಿ ಕೆಲಸ ಮಾಡುವ ಮೇಷ್ಟ್ರು ಒಬ್ಬರಿದ್ದರೆ ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ, ವಾರ್ಷಿಕೋತ್ಸವ ಎಲ್ಲವೂ ಅವರಿಗೇ. ಮನೆಯಲ್ಲಿ ಇಲ್ಲವೆನ್ನದ ಹೆಣ್ಣುಮಗಳೊಬ್ಬಳಿದ್ದರೆ ನೀರು, ಕಸ, ತಮ್ಮನ ಆರೈಕೆ, ಅಜ್ಜಿಯ ಔಷಧಿ ಎಲ್ಲವೂ ಅವಳಿಗೇ, ಅದರ ನಡುವೆ ಎಸ್ಸೆಸ್ಸೆಲ್ಸಿ. ನಮ್ಮ ಸಂಘದಲ್ಲೂ ಅಷ್ಟೇ, ಇನ್ನೂರು ಜನರಲ್ಲಿ ಊರಲ್ಲೇ ಇರುವ ನಾಲ್ಕು ಜನ ಈ ಇಡೀ ಮಹೋತ್ಸವ ಹೊತ್ತರು. ನಾವು ಬೆಂಗಳೂರಿನವರು ಹಣ ಹಾಕಿ ಹೆಬ್ಬೆರಳು ತೋರಿಸಿದೆವು. ‘ಕರೆಂಟ್ ಇರೋ ಫೇಸಿಗೇ ಹಾಕು’ ಎನ್ನುವುದು ನಮ್ಮೆಲ್ಲರ ಅಭ್ಯಾಸ. ಆಮೇಲೆ ಆ ಜೀವ ಒಂದು ದಿನ ನಿಂತಾಗ, ‘ಇವರಿಗೆ ಶಕ್ತಿ ಸಾಲದು’ ಎನ್ನುತ್ತೇವೆ. ಅಳೆದು ನೋಡುವುದಿಲ್ಲ.

ಮಹೋತ್ಸವದ ಹಣ ಉಳಿದಿದೆ. ಹೆಣ್ಣುಮಕ್ಕಳ ಶೌಚಾಲಯದ ಪಾಯ ಮುಂದಿನ ಸೋಮವಾರ. ಅದರ ಉಸ್ತುವಾರಿಗೆ ಆ ನಾಲ್ಕು ಜನರನ್ನು ಬಿಟ್ಟು ಬೇರೆ ಮೂವರ ಹೆಸರು ಬೇಕು. ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಎರಡು ಖಾಲಿ ಇವೆ.

ಗೆಳೆಯನ ಹೆಸರನ್ನು ನಾನು ಇಷ್ಟು ಹೊತ್ತೂ ಹೇಳಲಿಲ್ಲ. ಹೇಳಬೇಡ ಎಂದಿದ್ದಾನೆ, ಸಂಚಿಕೆಯಲ್ಲೂ ಹಾಕಬೇಡ ಎಂದಿದ್ದಾನೆ. ‘ಸ್ಕ್ರೂ ಬಿಗಿ ಮಾಡಿದ್ದಕ್ಕೆಲ್ಲ ಹೆಸರು ಯಾಕಲೇ’ ಅಂತ. ಅವನಿಗೆ ನಾನೊಂದು ವಿಷಯ ನೆನಪಿಸಿದೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಶಾಲೆಯಿಂದ ಪ್ರವಾಸ ಹೋಗಿ ಇಬ್ಬರೂ ನೋಡಿದ್ದೇವೆ. ಅದರ ಮಾತು ಚಕ್ರವರ್ತಿಯದು. ಕೊನೆಯಲ್ಲಿ ಮಾತ್ರ ಬರೆದವನು ತನ್ನ ಹೆಸರು ಬರೆದುಕೊಂಡಿದ್ದಾನೆ: ಚಪಡ. ‘ಲಿಪಿಕಾರ’ ಎನ್ನುವುದನ್ನು ತನಗೆ ಗೊತ್ತಿದ್ದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿತು, ನಮ್ಮ ಬಂಡೆಯ ಮೇಲೆ ಆ ಹೆಸರು ಹಾಗೇ ಇದೆ. ಕೆಲಸ ಮಾಡಿದವನು ಹೆಸರು ಬರೆಯುವುದು ಈ ನೆಲದಲ್ಲಿ ಹೊಸದೇನಲ್ಲ ಎಂದೆ. ಅವನು ಒಪ್ಪಲಿಲ್ಲ. ಆದರೆ ಈಗ ಜನರೇಟರ್ ಹತ್ತಿರ ಟಾಂಗ್ ಟೆಸ್ಟರ್ ಹಿಡಿದು ನಿಂತಿರುವವನು ಯಾರೆಂದು ತಿರುಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಂದು ಚಪ್ಪಾಳೆ ಆ ಕಡೆಗೆ ಹೊಡೆಯಿರಿ.

ಊರಿನ ಕರೆಂಟ್ ಹೋಗಿ ಮುಕ್ಕಾಲು ಗಂಟೆಯಾಯಿತು. ಯಾರಿಗೂ ಗೊತ್ತಾಗಿಲ್ಲ, ಅಲ್ಲವೇ? ವೇದಿಕೆಯ ದೀಪ, ಫ್ಯಾನು, ಮೈಕು, ಹಿಂದೆ ಅಡುಗೆಗೆ ನೀರು, ಎಲ್ಲವೂ ಅದೇ ಹಳೆಯ 15 ಕೆವಿಎ ಮೇಲೆ ನಡೆಯುತ್ತಿದೆ. ಕಳೆದ ತಿಂಗಳು ಮೇಷ್ಟ್ರು ಮಡಚಿಟ್ಟ ಎರಡು ಹಾಳೆ ಇವತ್ತೂ ಅವರ ಜೇಬಿನಲ್ಲಿದೆ, ಆಗಲೇ ನೋಡಿದೆ. ಟಾರ್ಚ್ ಬಲ್ಬು, ಎರಡು ಸೆಲ್ಲು ಇಟ್ಟುಕೊಂಡು ಸರಣಿ ಜೋಡಣೆ, ಸಮಾಂತರ ಜೋಡಣೆ ಎಂದು ನಮ್ಮಿಬ್ಬರಿಗೂ ಒಂದೇ ಬೆಂಚಿನಲ್ಲಿ ಹೇಳಿಕೊಟ್ಟವರು ಅವರು. ಅವನು ಕಲಿತ, ನಾನು ಅಂಕ ತೆಗೆದೆ.

ಹಿಂದಿನ ಸಾಲಿನವರಿಗೂ ಇವತ್ತು ಕೇಳಿಸುತ್ತದೆ. ಮೇಷ್ಟ್ರೇ, ಬನ್ನಿ, ಅವತ್ತು ನಿಂತಲ್ಲಿಂದ ಶುರು ಮಾಡಿ.